ಹೆತ್ತದ್ದೆಷ್ಟು, ಉಳಿದದ್ದೆಷ್ಟು

ಮಕ್ಕಳೆಷ್ಟೆಂದು ಕೇಳಿದರೆ ನಮ್ಮ ಮೇಲೂರಿನ ಹಳೆಯ ಹೆಂಗಸರು ಎರಡು ಲೆಕ್ಕ ಹೇಳುತ್ತಿದ್ದರು: ಹೆತ್ತದ್ದು ಇಷ್ಟು, ಉಳಿದದ್ದು ಇಷ್ಟು. ನಮ್ಮಜ್ಜಿಯ ಲೆಕ್ಕ ಒಂಬತ್ತು, ಐದು. ಹೋದ ನಾಲ್ಕಕ್ಕೆ ಹೆಸರೂ ಇರಲಿಲ್ಲ; ನಾಮಕರಣದವರೆಗೆ ಬದುಕಿದ್ದರಲ್ಲವೆ? ಅವುಗಳಲ್ಲಿ ಎರಡು, ಮೊದಲ ಮೂರು ದಿನ ಚೆನ್ನಾಗಿಯೇ ಹಾಲು ಕುಡಿದು, ಆಮೇಲೆ ದವಡೆ ಕಚ್ಚಿ, ಮೈ ಬಿಲ್ಲಿನಂತೆ ಸೆಟೆದು ಹೋದವಂತೆ. ಮನೆಯವರು ಗಾಳಿ ಎಂದರು, ದೃಷ್ಟಿ ಎಂದರು. ಅದು ಧನುರ್ವಾಯು. ಮಣ್ಣು, ಸಗಣಿಯಲ್ಲಿರುವ ರೋಗಾಣು ಹೊಕ್ಕುಳಬಳ್ಳಿ ಕೊಯ್ದ ಕುಡುಗೋಲಿನಿಂದಲೋ, ಮೇಲೆ ಹಚ್ಚಿದ ಬೂದಿಯಿಂದಲೋ ಒಳಹೊಕ್ಕಿರುತ್ತಿತ್ತು.

ಹಾಗೆಂದು ಸೂಲಗಿತ್ತಿಯನ್ನು, ನಮ್ಮ ಕಡೆಯ ತೆಲುಗು ಬೆರೆತ ಮಾತಿನಲ್ಲಿ ಮಂತ್ರಸಾನಿಯನ್ನು, ದೂರಲು ನನಗೆ ಮನಸ್ಸಾಗದು. ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆ 1935ರಲ್ಲೇ ತೆರೆದಿತ್ತು. ನಡುರಾತ್ರಿ ಕರೆದರೆ ಬರುತ್ತಿದ್ದವಳು ಮಾತ್ರ ಅವಳೇ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಆ ಕೈಗಳಿಗೆ ಸಲ್ಲಬೇಕಾದದ್ದು ತಡವಾಗಿಯಾದರೂ ಸಂದಿತೆನ್ನಿಸಿತು.

ನನ್ನ ಸೋಜಿಗ ಬೇರೆ. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಮೊಟ್ಟೆಯೊಡೆದ ಚಾಕಿ ಹುಳುವಿಗೆ ನಾವು ಮಾಡದ ಬಾಣಂತನವಿಲ್ಲ: 27-28 ಡಿಗ್ರಿ ಬೆಚ್ಚಗೆ, ತೇವ ಆರದಂತೆ, ಎಳೆಯ ಸೊಪ್ಪನ್ನೇ ಸಣ್ಣಗೆ ಹೆಚ್ಚಿ. ಕೈಕಾಲು ತೊಳೆಯದೆ ಒಳಗೆ ಹೋದರೆ, "ಹುಳಕ್ಕೆ ರೋಗ ತರ್ತೀಯೇನೋ?" ಎಂದು ಅಜ್ಜಿ ಗದರುತ್ತಿದ್ದಳು. ಅದೇ ಮನೆಯಲ್ಲಿ ಕೂಸಿನ ಹೊಕ್ಕುಳಿಗೆ ಬೂದಿ! ಹಸು ಈದರೆ ಗಿಣ್ಣನ್ನು ಬೆಲ್ಲ ಹಾಕಿ ಕಾಸಿ ಎಲ್ಲರೂ ತಿನ್ನುತ್ತಿದ್ದೆವು. ತಾಯಿಯ ಮೊದಲ ಹಳದಿ ಹಾಲನ್ನು ಮಾತ್ರ ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಕೂಸಿಗೆ ಹರಳೆಣ್ಣೆ, ಸಕ್ಕರೆ ನೀರು, ಸಿಕ್ಕರೆ ಕತ್ತೆ ಹಾಲು. ರೋಗ ತಡೆಯುವ ಸತ್ವ ತುಂಬಿದ್ದುದು ಆ ಚೆಲ್ಲಿದ ಹಾಲಿನಲ್ಲಿ.

ಬಾಣಂತನವೆಲ್ಲ ತಪ್ಪಲ್ಲ. ತಾಯಿ ಮಗ್ಗುಲಲ್ಲೇ ಕೂಸು, ಬೆಚ್ಚನೆಯ ಕೋಣೆ. ತೂಕ ಕಡಿಮೆಯಿರುವ ಕೂಸನ್ನು ತಾಯಿಯ ಬರಿಯೆದೆಗೆ ಒರಗಿಸಿ ಕಾಪಾಡುವ ಕ್ರಮವನ್ನು ಕೊಲಂಬಿಯಾದ ವೈದ್ಯರು ಶುರುಮಾಡಿದ್ದು 1970ರ ದಶಕದ ಕೊನೆಗೆ. ಕಾಲು ನೀಡಿ ಕೂಸನ್ನು ಮಲಗಿಸಿಕೊಂಡು ಎಣ್ಣೆ ತೀಡುತ್ತ ಅಜ್ಜಿ ಊರ ಸುದ್ದಿಯನ್ನೆಲ್ಲ ಅದಕ್ಕೆ ಹೇಳುವಳು. ಆರೆಂಟು ವಾರಕ್ಕೆ ಅದು ಮುಖ ನೋಡಿ ನಗುತ್ತಿತ್ತು. ಕೂಸಿನ ಬುದ್ಧಿ ಬೆಳೆಯುವುದು ಇಂಥ ಮಾತಿನಿಂದಲೇ ಎಂದು ಈಗ ವೈದ್ಯರೂ ಹೇಳುತ್ತಾರೆ. ಸಾಂಬ್ರಾಣಿ ಹೊಗೆಯನ್ನು ಮಾತ್ರ ನಾನು ಒಪ್ಪಲಾರೆ. ಎಳೆಯ ಶ್ವಾಸಕೋಶಕ್ಕೆ ಹೊಗೆ ಹೊಗೆಯೇ.

ಬದಲಾದದ್ದು ಚಿಕ್ಕ ಸಂಗತಿಗಳಿಂದ. ಹೊಸ ಬ್ಲೇಡು, ಕುದಿಸಿದ ದಾರ, ಬಸುರಿಗೆ ಧನುರ್ವಾಯು ಚುಚ್ಚುಮದ್ದು. 1985ರ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಈ ಚುಚ್ಚುಮದ್ದೂ ಸೇರಿತ್ತು. ಆಗ ನಾವಿನ್ನೂ ಕೋಲಾರ ಜಿಲ್ಲೆಯವರು. 2015ರಲ್ಲಿ ಭಾರತ ನವಜಾತ ಧನುರ್ವಾಯುವನ್ನು ನಿವಾರಿಸಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಅಂದರೆ ಯಾವ ಜಿಲ್ಲೆಯಲ್ಲೂ ಸಾವಿರ ಜನನಕ್ಕೆ ಒಂದೂ ಇಲ್ಲದಷ್ಟು.

ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟರೆ ಮನೆಯಲ್ಲೇ ಕೂಸುಗಳನ್ನು ಉಳಿಸಬಹುದೆಂದು ಗಡಚಿರೋಲಿಯ ಅಭಯ ಬಂಗ್, ರಾಣಿ ಬಂಗ್ ದಂಪತಿ ತೋರಿಸಿದ್ದು 1990ರ ದಶಕದಲ್ಲಿ. ಈಗ ಹೆರಿಗೆ ಆಸ್ಪತ್ರೆಯಲ್ಲಾದರೂ 42 ದಿನಗಳೊಳಗೆ ಆರು ಸಲ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು. ತೂಕ ನೋಡುತ್ತಾಳೆ, ಮೈ ಬಿಸಿ ನೋಡುತ್ತಾಳೆ, ಎಣ್ಣೆ ಬಟ್ಟಲು ಹಿಡಿದು ಕಾದಿರುವ ಅಜ್ಜಿಯರಿಗೆ ಹೇಳುತ್ತಾಳೆ: "ಹೊಕ್ಕುಳಿಗೆ ಏನೂ ಹಚ್ಚಬೇಡೀಮ್ಮ, ಅದರಷ್ಟಕ್ಕೇ ಒಣಗಲಿ."