ಸೇವ್ ಮಾಡಿದ್ದು ಬೇಕಾದಾಗ ಯಾಕೆ ಸಿಗುವುದಿಲ್ಲ? ಫೋನಿನಲ್ಲಿ ಮಾಹಿತಿ ಜೋಡಿಸಿಡುವ ಆ್ಯಪ್‌ಗಳ ಬಗ್ಗೆ ತಿಳಿದಿರಬೇಕಾದ್ದು

"ಈ 10 ಆ್ಯಪ್ ಹಾಕಿಕೊಳ್ಳಿ, ನಿಮ್ಮ ಬದುಕೇ ಬದಲಾಗುತ್ತೆ" ಎಂಬ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ನೋಟ್ಸ್ ಬರೆಯಲು ಒಂದು, ಕೆಲಸಗಳ ಪಟ್ಟಿಗೆ ಒಂದು, ಕಾಗದಪತ್ರ ಸ್ಕ್ಯಾನ್ ಮಾಡಲು ಒಂದು, ನೀರು ಕುಡಿಯಿರಿ ಎಂದು ನೆನಪಿಸಲು ಇನ್ನೊಂದು. ಇವುಗಳಲ್ಲಿ ಬಹಳಷ್ಟು ಒಳ್ಳೆಯ ಆ್ಯಪ್‌ಗಳೇ. ಆದರೆ ಆ ಸಂದೇಶ ಹೇಳದೆ ಬಿಡುವ ಸಂಗತಿ ಒಂದಿದೆ. ಮಾಹಿತಿ ಉಳಿಸಿಡಲು ಬೆರಳು ಒತ್ತಿದರೆ ಸಾಕು. ಅದು ಬೇಕಾದ ಹೊತ್ತಿಗೆ ಸಿಗಬೇಕಾದರೆ ಉಳಿಸುವಾಗಲೇ ನಾವು ಸ್ವಲ್ಪ ಕೆಲಸ ಮಾಡಿರಬೇಕು. ಆ ಕೆಲಸವನ್ನು ಯಾವ ಆ್ಯಪ್ ಕೂಡ ನಮ್ಮ ಪರವಾಗಿ ಪೂರ್ತಿ ಮಾಡಿಕೊಡುವುದಿಲ್ಲ.

ನಮಗೆ ಇದು ಅರ್ಥವಾದದ್ದು ಒಂದು ರಾತ್ರಿ. ನಮ್ಮ ಮನೆ ಇರುವುದು ಉತ್ತರ ಬೆಂಗಳೂರಿನ ಶೆಟ್ಟಿಹಳ್ಳಿಯಲ್ಲಿ. ಅಮ್ಮನಿಗೆ ಜ್ವರ ಏರಿತೆಂದು ಹನ್ನೊಂದರ ಹೊತ್ತಿಗೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. "ಯಾವುದಾದರೂ ಔಷಧಿ ಅಲರ್ಜಿ ಇದೆಯಾ?" ಎಂದು ಡ್ಯೂಟಿ ಡಾಕ್ಟರ್ ಕೇಳಿದರು. ಇದೆ. ಕೆಲವು ವರ್ಷಗಳ ಹಿಂದೆ ಒಂದು ಆಂಟಿಬಯೋಟಿಕ್ ಕೊಟ್ಟಾಗ ಅಮ್ಮನಿಗೆ ಮೈಯೆಲ್ಲ ಗಂಧೆ ಎದ್ದಿತ್ತು. ಅದರ ಹೆಸರು? ಅಮ್ಮನಿಗೂ ನೆನಪಿಲ್ಲ, ನಮಗೂ ಇಲ್ಲ. ಹಳೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದಿತ್ತು, ಅದರ ಫೋಟೋ ನಮ್ಮ ಫೋನಿನಲ್ಲೇ ಇತ್ತು. ಗುಡ್ ಮಾರ್ನಿಂಗ್ ಹೂಗಳು, ಕರೆಂಟ್ ಬಿಲ್ಲು, ಅಕ್ಕನ ಮಗನ ನಾಮಕರಣ, ಪಾರ್ಕಿಂಗ್ ಚೀಟಿ, ಹೀಗೆ ಸಾವಿರಾರು ಫೋಟೋಗಳ ನಡುವೆ ಎಲ್ಲೋ ಒಂದು ಕಡೆ. ಅದು ಸಿಗಲು ಇಪ್ಪತ್ತು ನಿಮಿಷ ಹಿಡಿಯಿತು. ಅಂದು ಡಾಕ್ಟರ್ ಕಾದರು. ಪರಿಸ್ಥಿತಿ ಬಿಗಡಾಯಿಸಿದ್ದರೆ ಕಾಯುವಷ್ಟು ಸಮಯ ಅವರಿಗೂ ಇರುತ್ತಿರಲಿಲ್ಲ.

ಫೋಲ್ಡರ್ ಮಾಡಿಟ್ಟರೆ ಸಾಕೇ?

"ಎಲ್ಲದಕ್ಕೂ ಬೇರೆ ಬೇರೆ ಫೋಲ್ಡರ್ ಮಾಡಿ" ಎನ್ನುವುದು ಎಲ್ಲರೂ ಕೊಡುವ ಸಲಹೆ. ಇದು ಅರ್ಧ ಸತ್ಯ. ಐಬಿಎಂ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 345 ಜನ ತಮ್ಮ ಹಳೆಯ ಇಮೇಲ್‌ಗಳನ್ನು ಹೇಗೆ ಹುಡುಕುತ್ತಾರೆ ಎಂದು ನೋಡಿದರು. 85,000ಕ್ಕೂ ಹೆಚ್ಚು ಹುಡುಕಾಟಗಳು ಲೆಕ್ಕಕ್ಕೆ ಸಿಕ್ಕವು. ಕಷ್ಟಪಟ್ಟು ಫೋಲ್ಡರ್ ಮಾಡಿಟ್ಟವರಿಗೆ ಬೇರೆಯವರಿಗಿಂತ ಹೆಚ್ಚು ಯಶಸ್ಸೇನೂ ಸಿಗಲಿಲ್ಲ. ಸರ್ಚ್ ಬಳಸಿದವರ ಕೆಲಸ ಬೇಗ ಮುಗಿಯಿತು.

ಹಾಗಂತ ಫೋಲ್ಡರ್ ದಂಡ ಎಂದು ಇದನ್ನು ಫಾರ್ವರ್ಡ್ ಮಾಡಬೇಡಿ. ನಾವೇ ಇಟ್ಟ ಕಡತಗಳ ವಿಷಯಕ್ಕೆ ಬಂದರೆ ಜನ ಸರ್ಚ್‌ಗಿಂತ ಫೋಲ್ಡರ್ ತೆರೆದು ಹೋಗುವುದನ್ನೇ ಇಷ್ಟಪಡುತ್ತಾರೆ ಎಂದು ಓಫರ್ ಬರ್ಗ್‌ಮನ್ ಮತ್ತು ಸ್ಟೀವ್ ವಿಟ್ಟೇಕರ್ ಅವರ ಸಂಶೋಧನೆ ತೋರಿಸಿದೆ. ನಮ್ಮ ಕೈಯಾರೆ ಇಟ್ಟಿದ್ದು ಎಲ್ಲಿದೆ ಎಂಬ ಜಾಗದ ನೆನಪು ನಮಗಿರುತ್ತದೆ. ತಾನಾಗಿ ಬಂದು ಬೀಳುವ ಸಂದೇಶ, ಇಮೇಲ್‌ಗಳ ವಿಷಯದಲ್ಲಿ ಆ ನೆನಪು ಇರುವುದಿಲ್ಲ. ಆದ್ದರಿಂದ ಮನೆಯ ಮುಖ್ಯ ದಾಖಲೆಗಳಿಗೆ ನಾಲ್ಕೈದು ಫೋಲ್ಡರ್ ಇರಲಿ. ಬಂದು ಬೀಳುವ ಎಲ್ಲದಕ್ಕೂ ಫೋಲ್ಡರ್ ಮಾಡುತ್ತಾ ಕೂತರೆ ಅದೇ ಒಂದು ಉದ್ಯೋಗವಾಗುತ್ತದೆ.

"ಫೋಟೋ ತೆಗೆದುಕೊಂಡೆ, ಇನ್ನು ಮರೆಯಲ್ಲ" ಎಂಬ ನಂಬಿಕೆಯೂ ಇದೆ. ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ ಅವರ ಪ್ರಯೋಗದಲ್ಲಿ ಮ್ಯೂಸಿಯಂ ನೋಡಲು ಹೋದವರು ಫೋಟೋ ತೆಗೆದ ವಸ್ತುಗಳನ್ನು, ಬರಿಗಣ್ಣಿನಿಂದ ನೋಡಿದ ವಸ್ತುಗಳಿಗಿಂತ ಕಡಿಮೆ ನೆನಪಿಟ್ಟುಕೊಂಡಿದ್ದರು. ಇದು ಒಂದು ಪ್ರಯೋಗದ ಮಾತು, ಎಲ್ಲ ಸಂದರ್ಭಕ್ಕೂ ಅನ್ವಯಿಸಬೇಕಿಲ್ಲ. ಆದರೂ ಔಷಧಿಯ ಹೆಸರನ್ನು ಫೋಟೋ ತೆಗೆದು ಮರೆತ ನಮಗೆ ಅದನ್ನು ಓದಿದಾಗ ಸ್ವಲ್ಪ ನಾಚಿಕೆಯಾಯಿತು.

ಕನ್ನಡದಲ್ಲಿ ಹುಡುಕುವಾಗಿನ ಫಜೀತಿ

ಆಪ್ಟಿಮೈಸ್ ಮಾಡಿ, ಟ್ಯಾಗ್ ಹಾಕಿ ಎನ್ನುವ ವಿಡಿಯೋಗಳು ಈ ವಿಷಯವನ್ನು ಮುಟ್ಟುವುದೇ ಇಲ್ಲ.

ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಕೆಲವರು ಶೆಟ್ಟಿಹಳ್ಳಿ ಎನ್ನುತ್ತಾರೆ, ಕೆಲವರು ಸೆಟ್ಟಿಹಳ್ಳಿ. ಇಂಗ್ಲಿಷಿನಲ್ಲಿ ಬರೆಯುವಾಗ 'ಟ್ಟಿ'ಗೆ ಒಬ್ಬರು ಐ ಅಕ್ಷರ ಹಾಕಿದರೆ ಇನ್ನೊಬ್ಬರು ವೈ ಹಾಕುತ್ತಾರೆ. ಬಾಡಿಗೆ ಕರಾರಿನಲ್ಲಿ ಒಂದು, ಗ್ಯಾಸ್ ಪುಸ್ತಕದಲ್ಲಿ ಇನ್ನೊಂದು. ಒಂದು ಕಾಗುಣಿತದಲ್ಲಿ ಹುಡುಕಿದರೆ ಇನ್ನೊಂದರ ದಾಖಲೆ ಸಿಗುವ ಖಾತ್ರಿಯಿಲ್ಲ. ಬರೀ 'ಶೆಟ್ಟಿಹಳ್ಳಿ' ಎಂದು ಹುಡುಕಿದರೆ ಗ್ರೂಪುಗಳಲ್ಲಿ ಬಂದ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ ಚರ್ಚಿನ ಸಂದೇಶಗಳೇ ಮೊದಲು ಬರುತ್ತವೆ. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಿನಲ್ಲಿ ಮುಳುಗುವ ಆ ಚರ್ಚಿನ ಫೋಟೋ ಪ್ರತಿ ವರ್ಷ ಎಷ್ಟು ಫಾರ್ವರ್ಡ್ ಆಗುತ್ತದೆಂದು ನಿಮಗೂ ಗೊತ್ತು. ಶಿವಮೊಗ್ಗದ ಶೆಟ್ಟಿಹಳ್ಳಿ ಅಭಯಾರಣ್ಯ ಬೇರೆ ಇದೆ. ಹಾಗಾಗಿ ನಾವು ಕಡತದ ಹೆಸರಿನಲ್ಲಿ ಊರಿನ ಜೊತೆಗೆ ಯಾರದ್ದು, ಏನು, ಯಾವ ವರ್ಷ ಎಂಬ ಮೂರನ್ನು ಸೇರಿಸುತ್ತೇವೆ: 'ಅಪ್ಪ ಬಾಡಿಗೆ ಕರಾರು ಶೆಟ್ಟಿಹಳ್ಳಿ 2023'.

ಇನ್ನೊಂದು ತೊಡಕು ನಮ್ಮ ವ್ಯಾಕರಣದ್ದು. 'ಊರು' ಎಂದು ಹುಡುಕಿದರೆ 'ಊರಿಗೆ', 'ಊರಿನ' ಎಂದು ಬರೆದಿರುವುದು ಸಿಗದೇ ಹೋಗಬಹುದು. ಕೊನೆಯ ಸ್ವರ ಬದಲಾಗಿರುತ್ತದೆ, ಬರೀ ಅಕ್ಷರ ಹೋಲಿಸುವ ಸರ್ಚ್‌ಗೆ ಅದು ಬೇರೆಯೇ ಪದ. ಆದ್ದರಿಂದ ಹೆಸರಿಡುವಾಗ ವಿಭಕ್ತಿ ಬೇಡ. 'ಅಮ್ಮನ ರಕ್ತಪರೀಕ್ಷೆಯ ವರದಿ' ಎನ್ನುವುದಕ್ಕಿಂತ 'ಅಮ್ಮ ರಕ್ತಪರೀಕ್ಷೆ ವರದಿ' ಎಂದಿರಲಿ. ಓದಲು ಮೊಂಡಾಗಿದ್ದರೂ ಬೇಗ ಸಿಗುತ್ತದೆ.

ಹಳೆಯ ಕಡತಗಳ ಕತೆ ಬೇರೆ. ಶೇಷಾದ್ರಿವಾಸು ಅವರ 'ಬರಹ' ಬಂದದ್ದು 1998ರಲ್ಲಿ. ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳಿಂದ ಡಿಟಿಪಿ ಅಂಗಡಿಗಳವರೆಗೆ ಹರಡಿತು. ಕನ್ನಡ ಕಂಪ್ಯೂಟರಿಗೆ ಬಂದದ್ದೇ ಇಂಥ ತಂತ್ರಾಂಶಗಳಿಂದ, ಆ ಋಣ ದೊಡ್ಡದು. ಆದರೆ ಅಂದಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತದ ಒಳಗೆ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದರ ಮೇಲೆ ಕನ್ನಡದ ಚಿತ್ರ ಅಂಟಿಸಿದ ಹಾಗೆ. ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಟೊಪ್ಪಿಗೆ ಹಾಕಿದ ವಿಚಿತ್ರ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. "ವೈರಸ್ ಬಂದಿದೆ" ಎಂದು ಎಷ್ಟೋ ಜನ ಅದನ್ನು ಅಳಿಸುತ್ತಾರೆ. ಅದು ವೈರಸ್ ಅಲ್ಲ, ಅಳಿಸಬೇಡಿ. ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಕನ್ನಡ ಯೂನಿಕೋಡ್‌ನಲ್ಲಿ 1991ರಿಂದಲೇ ಇದೆ. ಇಂದಿನ ಫೋನ್ ಕೀಬೋರ್ಡ್‌ಗಳು ಬರೆಯುವುದೂ ಅದನ್ನೇ, ಹಾಗಾಗಿ ನೀವು ಈಗ ಟೈಪ್ ಮಾಡಿದ್ದು ಎಲ್ಲ ಕಡೆ ಹುಡುಕಿದರೂ ಸಿಗುತ್ತದೆ.

ಫೋಟೋದ ಒಳಗಿನ ಅಕ್ಷರ? ಮುದ್ರಿತ ಇಂಗ್ಲಿಷನ್ನು ಗೂಗಲ್ ಲೆನ್ಸ್‌ನಂಥವು ಚೆನ್ನಾಗಿ ಓದುತ್ತವೆ. ಮುದ್ರಿತ ಕನ್ನಡಕ್ಕೆ ನಾವು ಕಂಪ್ಯೂಟರಿನಲ್ಲಿ ಗೂಗಲ್ ಡ್ರೈವ್ ಬಳಸುತ್ತೇವೆ: ಚಿತ್ರವನ್ನು ಅಲ್ಲಿ ಹಾಕಿ ಗೂಗಲ್ ಡಾಕ್ಸ್‌ನಿಂದ ತೆರೆದರೆ ಕೆಳಗೆ ಅಕ್ಷರರೂಪದಲ್ಲಿ ಬರುತ್ತದೆ. ತಪ್ಪುಗಳಿರುತ್ತವೆ, ತಿದ್ದಿಕೊಳ್ಳಬೇಕು. ಡಾಕ್ಟರ ಕೈಬರಹವನ್ನು ಮಾತ್ರ ಯಾವುದನ್ನೂ ನಂಬಿ ಓದಿಸಬೇಡಿ. ಔಷಧಿಯ ಹೆಸರನ್ನು ಮೆಡಿಕಲ್ ಸ್ಟೋರಿನವರ ಹತ್ತಿರ ಓದಿಸಿಕೊಂಡು ನೀವೇ ಟೈಪ್ ಮಾಡಿ.

ಫೋಟೋ ಇದ್ದರೆ ದಾಖಲೆ ಇದ್ದಂತೆಯೇ?

"ಮೊಬೈಲಿನಲ್ಲಿ ಲೈಸೆನ್ಸ್ ಫೋಟೋ ಇದ್ದರೆ ಪೊಲೀಸರು ಏನೂ ಮಾಡುವ ಹಾಗಿಲ್ಲ" ಎಂಬ ಸಂದೇಶ ತಪ್ಪು ದಾರಿಗೆ ಎಳೆಯುತ್ತದೆ. ಗ್ಯಾಲರಿಯಲ್ಲಿರುವ ಫೋಟೋಗೆ ಮೂಲ ದಾಖಲೆಯ ಮಾನ್ಯತೆ ಇಲ್ಲ. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಡಿಜಿಲಾಕರ್‌ನಲ್ಲಿ ಇಲಾಖೆಯೇ ನೇರವಾಗಿ ಒದಗಿಸುವ ಡಿಎಲ್, ಆರ್‌ಸಿಗಳಿಗೆ ಮೂಲ ದಾಖಲೆಯಷ್ಟೇ ಬೆಲೆ ಇದೆ. 2017ರ ನಿಯಮ ತಿದ್ದುಪಡಿ ಇದನ್ನು ಸ್ಪಷ್ಟಪಡಿಸಿತು. ವಾಹನದ ದಾಖಲೆಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ತೋರಿಸಲು ಮೋಟಾರು ವಾಹನ ನಿಯಮಗಳಲ್ಲಿ 2018ರಲ್ಲಿ ಅವಕಾಶ ಬಂತು.

ಇಲ್ಲೂ ಒಂದು ಸೂಕ್ಷ್ಮವಿದೆ. ಅದೇ ಡಿಜಿಲಾಕರ್‌ಗೆ ನೀವು ಸ್ಕ್ಯಾನ್ ಮಾಡಿ ಹಾಕಿದ ಪ್ರತಿಗೆ ಆ ಬೆಲೆ ಇಲ್ಲ, ಅದು ಬರೀ ನಿಮ್ಮ ಅನುಕೂಲಕ್ಕೆ. ಇಲಾಖೆ ಕೊಟ್ಟದ್ದು ಮತ್ತು ನೀವು ಹಾಕಿದ್ದು ಆ್ಯಪ್‌ನಲ್ಲಿ ಬೇರೆ ಬೇರೆ ವಿಭಾಗದಲ್ಲಿ ಕಾಣುತ್ತವೆ, ಒಮ್ಮೆ ನೋಡಿಕೊಳ್ಳಿ. ಆ್ಯಪ್ ಅನ್ನು ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಿಂದಲೇ ಹಾಕಿಕೊಳ್ಳಿ. ವಾಟ್ಸಾಪ್‌ನಲ್ಲಿ ಚಲನ್, ಮದುವೆ ಕರೆಯೋಲೆ ಎಂದು ಬರುವ ಎಪಿಕೆ ಕಡತಗಳನ್ನು ಒತ್ತಬೇಡಿ. ಅವುಗಳಿಂದ ಬ್ಯಾಂಕ್ ಖಾತೆ ಖಾಲಿಯಾದವರಿದ್ದಾರೆ.

ಆ್ಯಪ್ ಮುಚ್ಚಿದರೆ ನಿಮ್ಮ ನೋಟ್ಸ್ ಗತಿ?

ಕೆಲಸಗಳ ಪಟ್ಟಿ ಬರೆಯಲು ಬಹಳ ಜನ ಮೆಚ್ಚಿದ್ದ ವಂಡರ್‌ಲಿಸ್ಟ್ 2020ರ ಮೇನಲ್ಲಿ ಮುಚ್ಚಿತು. ಎವರ್‌ನೋಟ್ 2023ರ ಕೊನೆಗೆ ಉಚಿತ ಖಾತೆಗೆ 50 ನೋಟ್‌ಗಳ ಮಿತಿ ಹಾಕಿತು. ಆದ್ದರಿಂದ ಹೊಸ ಆ್ಯಪ್ ಹಾಕುವ ಮೊದಲು ನಾವು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದರಿಂದ ನಮ್ಮ ಮಾಹಿತಿಯನ್ನು ಹೊರಗೆ ತೆಗೆದುಕೊಂಡು ಹೋಗಬಹುದೇ? ಆಬ್ಸಿಡಿಯನ್ ನಮಗೆ ಹಿಡಿಸಿದ್ದು ಇದೇ ಕಾರಣಕ್ಕೆ. ಅದು ನೋಟ್ಸನ್ನು ನಿಮ್ಮ ಸಾಧನದಲ್ಲೇ ಸಾದಾ ಪಠ್ಯ ಕಡತಗಳಾಗಿ ಇಡುತ್ತದೆ. ಆದರೆ ಮನೆಯಲ್ಲಿ ಎಲ್ಲರೂ ಬಳಸಬೇಕೆಂದರೆ ಗೂಗಲ್ ಕೀಪ್ ಸಾಕು, ಕಲಿಯಲು ಐದು ನಿಮಿಷ. ಎಟಿಎಂ ಪಿನ್, ಪಾಸ್‌ವರ್ಡ್‌ಗಳನ್ನು ಮಾತ್ರ ಇಂಥ ನೋಟ್ಸ್‌ನಲ್ಲಿ ಬರೆದಿಡಬೇಡಿ.

"ವಾಟ್ಸಾಪ್‌ನಲ್ಲಿ ಇದ್ದರೆ ಎಲ್ಲಿಗೂ ಹೋಗಲ್ಲ" ಎಂಬುದೂ ಸರಿಯಲ್ಲ. ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ಬ್ಯಾಕಪ್ ಈಗ ನಿಮ್ಮ ಗೂಗಲ್ ಖಾತೆಯ 15 ಜಿಬಿ ಉಚಿತ ಜಾಗವನ್ನೇ ತಿನ್ನುತ್ತದೆ. ಜಾಗ ತುಂಬಿದರೆ ಬ್ಯಾಕಪ್ ನಿಲ್ಲುತ್ತದೆ. ಫೋನ್ ಕಳೆದಾಗಲೇ ಅದು ಗೊತ್ತಾಗುವುದು. ಸ್ಟಾರ್ ಒತ್ತಿದ ಸಂದೇಶವೂ ಚಾಟ್‌ನ ಭಾಗವೇ, ಚಾಟ್ ಹೋದರೆ ಅದೂ ಹೋಗುತ್ತದೆ. ಆದರೂ ವಾಟ್ಸಾಪ್‌ನ ಒಂದು ಸೌಲಭ್ಯವನ್ನು ನಾವು ದಿನವೂ ಬಳಸುತ್ತೇವೆ. 2022ರ ನವೆಂಬರ್‌ನಲ್ಲಿ ಬಂದ, ನಮಗೆ ನಾವೇ ಸಂದೇಶ ಕಳಿಸಿಕೊಳ್ಳುವ ಚಾಟ್. ವರದಿಯ ಫೋಟೋವನ್ನು ಅಲ್ಲಿಗೆ ಕಳಿಸುವಾಗ ಕೆಳಗೆ 'ಅಮ್ಮ ಡಿಸ್ಚಾರ್ಜ್ ಅಲರ್ಜಿ' ಎಂದು ಬರೆದರೆ ಆ ಪದಗಳಿಂದ ಫೋಟೋ ಸಿಗುತ್ತದೆ. ಹೊಸ ಆ್ಯಪ್ ಕಲಿಯದ ಹಿರಿಯರಿಗೂ ಇದು ಸುಲಭ.

ಆ ರಾತ್ರಿಯ ನಂತರ ಮಾಡಿದ್ದು

ತುರ್ತು ಮಾಹಿತಿಗೆ ಮಾತ್ರ ಸರ್ಚ್ ಕೂಡ ತಡ. ಅದಕ್ಕೊಂದು ಹಳೆಯ ಫಾರ್ವರ್ಡ್ ಇದೆ: ಕಾಂಟ್ಯಾಕ್ಟ್ಸ್‌ನಲ್ಲಿ 'ಐಸಿಇ' ಎಂದು ಮನೆಯವರ ನಂಬರ್ ಸೇವ್ ಮಾಡಿ, ಅಪಘಾತವಾದರೆ ನೆರವಾಗುತ್ತದೆ ಎಂದು. ಇದು ಸುಳ್ಳಲ್ಲ. ಬ್ರಿಟನ್ನಿನ ಪ್ಯಾರಾಮೆಡಿಕ್ ಬಾಬ್ ಬ್ರಾಚೀ 2005ರಲ್ಲಿ ಸೂಚಿಸಿದ ಉಪಾಯ ಇದು. ಆಗಿನ ಫೋನುಗಳಿಗೆ ಸಾಮಾನ್ಯವಾಗಿ ಲಾಕ್ ಇರುತ್ತಿರಲಿಲ್ಲ. ಇಂದು ಪ್ಯಾಟರ್ನ್, ಬೆರಳಚ್ಚು ಹಾಕಿದ ಫೋನಿನ ಕಾಂಟ್ಯಾಕ್ಟ್ಸ್ ಬೇರೆಯವರಿಗೆ ತೆರೆಯುವುದೇ ಇಲ್ಲ.

ಈಗ ಬೇಕಾದ್ದು ಲಾಕ್ ತೆಗೆಯದೆಯೂ ಕಾಣುವ ತುರ್ತು ಮಾಹಿತಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ತೆರೆದು 'ಎಮರ್ಜೆನ್ಸಿ' ಎಂದು ಹುಡುಕಿ, ಐಫೋನ್‌ನಲ್ಲಿ ಹೆಲ್ತ್ ಆ್ಯಪ್‌ನೊಳಗೆ ಮೆಡಿಕಲ್ ಐಡಿ. ರಕ್ತದ ಗುಂಪು, ಅಲರ್ಜಿ, ತೆಗೆದುಕೊಳ್ಳುವ ಮಾತ್ರೆ, ಮನೆಯವರ ನಂಬರ್ ತುಂಬಿ, ಲಾಕ್ ಆಗಿದ್ದಾಗಲೂ ಕಾಣುವಂತೆ ಆಯ್ಕೆ ಮಾಡಿ. ಲಾಕ್ ಪರದೆಯ 'ಎಮರ್ಜೆನ್ಸಿ' ಒತ್ತಿದರೆ ಅದು ತೆರೆದುಕೊಳ್ಳುತ್ತದೆ. ಯಾರಿಗೂ ಕಾಣಬಹುದಾದ ಮಾಹಿತಿ ಇದು, ಹಾಗಾಗಿ ಆಧಾರ್ ಸಂಖ್ಯೆ, ಮನೆಯ ವಿಳಾಸ ಬೇಡ.

ಅಮ್ಮನ ಫೋನಿನಲ್ಲಿ ಈಗ ಆ ಔಷಧಿಯ ಹೆಸರು ಲಾಕ್ ಪರದೆಯಲ್ಲೇ ಇದೆ. ಅದನ್ನು ತುಂಬಲು ನಾಲ್ಕು ನಿಮಿಷ ಬೇಕಾಯಿತು. ಅಮ್ಮ ಅದನ್ನು ನೋಡಿ, "ಫೋನ್ ಚಾರ್ಜ್ ಹೋದರೆ?" ಎಂದರು. ಅದಕ್ಕೇ ಅದೇ ಹೆಸರು ಒಂದು ಚೀಟಿಯಲ್ಲಿ ಅವರ ಪರ್ಸಿನೊಳಗೂ ಇದೆ.