ಬಂದರು ಕಾರ್ಮಿಕರ ಸುರಕ್ಷತೆ: ಹಿಗ್ಗಿದ ಕಾನೂನು, ಕುಗ್ಗಿದ ನೌಕರಿ

ಬಂದರು ಕಾರ್ಮಿಕರ ಸುರಕ್ಷತೆ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1932ರ ಒಡಂಬಡಿಕೆಯನ್ನು ಜಾರಿಗೊಳಿಸಲೆಂದು ಭಾರತದಲ್ಲಿ 1934ರಲ್ಲಿ ಇಂಡಿಯನ್ ಡಾಕ್ ಲೇಬರರ್ಸ್ ಆಕ್ಟ್ ಬಂತು. ಅದರ ನಿಯಮಗಳು ಬಂದದ್ದು 1948ರಲ್ಲಿ. ಈ ವಿಳಂಬದ ನಡುವೆಯೇ, 1944ರ ಏಪ್ರಿಲ್ 14ರಂದು, ಹತ್ತಿ ಮತ್ತು ಸ್ಫೋಟಕಗಳನ್ನು ಒಟ್ಟಿಗೆ ತುಂಬಿದ್ದ ಫೋರ್ಟ್ ಸ್ಟಿಕೀನ್ ಹಡಗು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಸಿಡಿದು ನೂರಾರು ಜನ ಸತ್ತರು.

1948ರಲ್ಲೇ ಬಂದ ಇನ್ನೊಂದು ಕಾಯಿದೆ ಕಾರ್ಮಿಕರ ನೋಂದಣಿಗೆ, ಸರದಿಯ ಕೆಲಸಕ್ಕೆ, ಡಾಕ್ ಲೇಬರ್ ಬೋರ್ಡುಗಳಿಗೆ ದಾರಿ ಮಾಡಿತು. ಅದು ಸುರಕ್ಷತೆಯ ಕಾಯಿದೆಯೆಂದು ಯಾರೂ ಕರೆಯುವುದಿಲ್ಲ. ನನ್ನ ಮಟ್ಟಿಗೆ ಅದು ಸುರಕ್ಷತೆಯ ಬುನಾದಿ. ಏಕೆಂದರೆ ಈ ಕೆಲಸದ ಅಪಾಯಗಳನ್ನು ಗುರುತಿಸಲು ಅನುಭವ ಬೇಕು. ಸರಕು ಎತ್ತುವ ಸ್ಲಿಂಗ್ ಸವೆದಿದ್ದರೆ ಕಣ್ಣಿಗೆ ಕಾಣುತ್ತದೆ, ಹಡಗಿನ ಒಡಲಿಗಿಳಿಯುವ ಹ್ಯಾಚಿನ ಬಾಯಿಗೆ ತಡೆ ಇಲ್ಲದಿದ್ದರೂ ಕಾಣುತ್ತದೆ. ಕಾಣದಿರುವುದು ಗಾಳಿ. ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ಮರದ ದಿಮ್ಮಿ, ಕಲ್ಲಿದ್ದಲುಗಳು ಮುಚ್ಚಿದ ಹಡಗಿನ ಒಡಲಲ್ಲಿ ಆಮ್ಲಜನಕವನ್ನು ಹೀರುತ್ತವೆ. ಪರೀಕ್ಷಿಸದೆ ಇಳಿದವನು ಕುಸಿಯುತ್ತಾನೆ, ಅವನನ್ನು ಎತ್ತಲು ಧಾವಿಸಿದವನೂ ಅಲ್ಲೇ ಬೀಳುತ್ತಾನೆ. ಜಗತ್ತಿನ ಎಲ್ಲ ಬಂದರುಗಳೂ ಬಲ್ಲ ದುರಂತ ಇದು. ಹಳಬರ ಗ್ಯಾಂಗಿನಲ್ಲಿ ಹೊಸಬನನ್ನು ತಡೆಯುವವರು ಇರುತ್ತಾರೆ. ನಿನ್ನೆ ಸೇರಿ ನಾಳೆ ಬಿಡುವ ಗುತ್ತಿಗೆಯಾಳುಗಳ ನಡುವೆ ಆ ತಿಳಿವಳಿಕೆ ಕೈದಾಟುವುದೇ ಇಲ್ಲ.

ಮುಂದೆ ಬಂದರು ಕಾರ್ಮಿಕರಿಗಾಗಿ ಬಂದ 1986ರ ಕಾಯಿದೆ ಸುರಕ್ಷತೆಯ ಜೊತೆಗೆ ಆರೋಗ್ಯ, ಕ್ಷೇಮಗಳನ್ನೂ ಒಳಗೊಂಡಿತು. ಹಡಗಿನ ಒಡಲನ್ನು ತೊಳೆಯುವ, ಬಣ್ಣ ಬಳಿಯುವ ಕೆಲಸವೂ ಬಂದರು ಕೆಲಸವೆನಿಸಿತು. ಆದರೆ 1997ರ ಕಾಯಿದೆ ದೊಡ್ಡ ಬಂದರುಗಳನ್ನು 1948ರ ನೌಕರಿ ಕಾಯಿದೆಯ ಹೊರಗಿಡಲು ಅವಕಾಶ ಕೊಟ್ಟಿತು. ಒಂದು ಕೈಯಲ್ಲಿ ರಕ್ಷಣೆ ಹಿಗ್ಗಿತು, ಇನ್ನೊಂದರಲ್ಲಿ ಅದನ್ನು ಹಿಡಿದು ನಿಲ್ಲಬೇಕಾದ ಕಾಯಂ ಕೆಲಸಗಾರ ಮರೆಯಾಗತೊಡಗಿದ.

1986ರ ಕಾಯಿದೆಯನ್ನು ಒಳಗೊಂಡ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಬಂದರಿಗೆ ಕನಿಷ್ಠ ಕಾರ್ಮಿಕರ ಸಂಖ್ಯೆಯ ಮಿತಿಯಿಲ್ಲ. ನೂರು ಕೆಲಸಗಾರರಿದ್ದರೆ ಕ್ಯಾಂಟೀನು ಬೇಕು, ಆ ಲೆಕ್ಕದಲ್ಲಿ ಗುತ್ತಿಗೆಯವರೂ ಸೇರುತ್ತಾರೆ. ಇವು ಮೆಚ್ಚತಕ್ಕವು. ಸುರಕ್ಷತಾ ಸಮಿತಿಯ ಮಾತು ಬೇರೆ. 22ನೆಯ ಕಲಮಿನ ಪ್ರಕಾರ ಅದು ಸರ್ಕಾರದ ಆದೇಶವನ್ನು ಅವಲಂಬಿಸಿದೆ. ಸರ್ಕಾರ ಆ ಆದೇಶವನ್ನು ಎಲ್ಲ ಬಂದರುಗಳಿಗೂ ಹೊರಡಿಸಿ, ಸಮಿತಿಯಲ್ಲಿ ಗುತ್ತಿಗೆ ಕಾರ್ಮಿಕರ ಪ್ರತಿನಿಧಿಗೂ ಸ್ಥಾನ ಕೊಡಬೇಕು.