ಮಾರಿಕಣಿವೆಯ ಮೇಲೂ ಕೆಳಗೂ

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಭೈರವೇಶ್ವರನ ಗುಡಿಯ ಬಳಿಯ ಬಂಡೆಯ ಮೇಲೆ ಮೂರು ಸಾಲಿನ ಪ್ರಾಕೃತ ಶಾಸನವೊಂದಿದೆ. ಕಾಲ ಕ್ರಿ.ಶ. 4ನೆಯ ಶತಮಾನ. ಕದಂಬರ ಮಯೂರಶರ್ಮ ತಾನು ಮಣಿಸಿದ ಪಲ್ಲವ, ಆಭೀರ, ಪುನ್ನಾಟ ಮೊದಲಾದವರನ್ನು ಅದರಲ್ಲಿ ಎಣಿಸಿದ್ದಾನೆ. ಆದರೂ ಆ ಬರಹ ಹುಟ್ಟಿದ್ದು ಗೆಲುವನ್ನು ಸಾರಲು ಅಲ್ಲ, ಕೆರೆ ಕಟ್ಟಿಸಿದ್ದನ್ನು ಹೇಳಲು. ಕದಂಬರ ಚರಿತ್ರೆ ಈ ಸೀಮೆಯ ಕಲ್ಲಿನ ಮೇಲೆ ಮೂಡಿದ್ದು ನೀರಿನ ಹೆಸರಿನಲ್ಲಿ.

ಅಲ್ಲಿಂದ ಮುಂದೆ ಹದಿನೈದು ಶತಮಾನಗಳ ಕಾಲ ಅರಸರು, ಪಾಳೆಯಗಾರರು, ಗೌಡರು, ಸೂಳೆಯರು, ಸೆಟ್ಟಿಗಳು ಕಟ್ಟುತ್ತಲೇ ಹೋದರು. ಕೆರೆ ಕಟ್ಟಿದವರಿಗೂ ಅದನ್ನು ಕಾಪಾಡಿದವರಿಗೂ ಕಟ್ಟುಕೊಡಗೆಯ ಭೂಮಿ ಸಿಗುತ್ತಿತ್ತು. ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿ 1866ರಲ್ಲಿ ಈ ನಾಡನ್ನೆಲ್ಲ ನೋಡಿ, ಇಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದಕ್ಕೇ ಜಾಣತನ ಬೇಕೆಂದು ಬರೆದ.

ಕಟ್ಟಿದ್ದಕ್ಕಿಂತ ಹಂಚಿದ್ದು ದೊಡ್ಡದು. ತೂಬು ಎತ್ತುವ ಹೊಣೆ ನೀರುಗಂಟಿಯದು. ಯಾವ ಗದ್ದೆಗೆ ಎಷ್ಟು ಹೊತ್ತು, ಕಾಲುವೆಯ ಕೊನೆಯವನ ಸರದಿ ಯಾವಾಗ ಎಂಬುದು ಅವನ ನಾಲಿಗೆಯ ಮೇಲಿತ್ತು. ರೈತ ತಾನೇ ತೂಬಿಗೆ ಕೈಹಾಕುವಂತಿರಲಿಲ್ಲ. ಕೆರೆ ಅರ್ಧ ತುಂಬಿದ ವರ್ಷ ಮೈಸೂರು ಸೀಮೆಯ ಹಲವು ಊರುಗಳಲ್ಲಿ ದಾಮಾಶಾ ನಡೆಯುತ್ತಿತ್ತು. ಅಚ್ಚುಕಟ್ಟಿನಲ್ಲಿ ಏರಿಗೆ ಹತ್ತಿರದ ಒಂದಿಷ್ಟು ಭೂಮಿಯನ್ನು ಮಾತ್ರ ಆ ವರ್ಷಕ್ಕೆ ಆರಿಸಿ, ಅದರಲ್ಲಿ ಎಲ್ಲ ಹಿಡುವಳಿದಾರರಿಗೂ ಅವರವರ ಜಮೀನಿಗೆ ತಕ್ಕ ಪಾಲು ಕೊಡುತ್ತಿದ್ದರು. ಕೊನೆಯ ಗದ್ದೆಯವನು ಬರಗಾಲದಲ್ಲಿ ಮೊದಲ ಗದ್ದೆಯವನ ಮಣ್ಣಿನಲ್ಲಿ ಬೆಳೆ ತೆಗೆಯುತ್ತಿದ್ದ. ಇದಕ್ಕಿಂತ ನ್ಯಾಯವಾದ ಬರಗಾಲದ ಯೋಜನೆಯನ್ನು ನಾನು ಇಂದಿನ ಕಡತಗಳಲ್ಲೂ ಕಾಣೆ. ಆದರೆ ಆ ನ್ಯಾಯ ಹಿಡುವಳಿಯ ಬೇಲಿಯನ್ನು ದಾಟಲಿಲ್ಲ. ಎಷ್ಟೋ ಊರುಗಳಲ್ಲಿ ನೀರುಗಂಟಿ ದಲಿತ ಕೇರಿಯವನು. ಊರಿನ ಗದ್ದೆಗೆಲ್ಲ ನೀರು ಹಾಯಿಸಿದವನಿಗೆ ಊರ ಬಾವಿಯ ಹಗ್ಗ ಮುಟ್ಟಲು ಬಿಡಲಿಲ್ಲ.

1876ರಿಂದ ಧಾತು-ಈಶ್ವರ ಸಂವತ್ಸರಗಳ ಬರ ಬಂತು. ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಅಳಿದರು. ಮಳೆಯನ್ನೇ ನಂಬಿದ ಸಣ್ಣ ಕೆರೆ ಒಂದು ವರ್ಷದ ಬರವನ್ನು ತಡೆದೀತು, ಎರಡನ್ನು ತಡೆಯದು ಎಂಬುದನ್ನು ಅಷ್ಟು ಹೆಣಗಳು ಹೇಳಿದವು. ಅನೇಕ ವರ್ಷಗಳ ನೀರನ್ನು ಒಂದೆಡೆ ಹಿಡಿದಿಡುವ ಜಲಾಶಯದ ಯೋಚನೆ ಬಲವಾದದ್ದು ಆ ನೆನಪಿನ ಬೆನ್ನಲ್ಲೇ.

ಅಯ್ಯನಕೆರೆಯಿಂದ ಇಳಿದ ವೇದಾ, ಮದಗದ ಕೆರೆಯಿಂದ ಇಳಿದ ಅವತಿ ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಹೊಸದುರ್ಗ ಸೀಮೆಯನ್ನು ಹಾದು ಹಿರಿಯೂರಿನತ್ತ ತಿರುಗುತ್ತವೆ. ನಡುವೆ ಎರಡು ಗುಡ್ಡಗಳ ಇಕ್ಕಟ್ಟು, ಅಲ್ಲಿ ಕಣಿವೆ ಮಾರಮ್ಮನ ಗುಡಿ. ಇದೇ ಮಾರಿಕಣಿವೆ. ಕಟ್ಟೆ ಹಾಕಲು ಪ್ರಕೃತಿಯೇ ತೋರಿದ ಜಾಗ. ಆದರೆ ಇದೇ ಹೊಳೆ ಕೆಳಗೆ ಹಗರಿಯೆಂಬ ಹೆಸರಿನಲ್ಲಿ ಬಳ್ಳಾರಿಗೆ ಹೋಗುತ್ತಿತ್ತು. ಬಳ್ಳಾರಿ ಆಗ ಮದರಾಸಿನದು. 1892ರ ಫೆಬ್ರವರಿಯ ಒಪ್ಪಂದದ ಪಟ್ಟಿಯಲ್ಲಿ ಕಾವೇರಿ, ತುಂಗಭದ್ರೆಗಳ ಜೊತೆ ವೇದಾವತಿಯೂ ಸೇರಿತು. ಪಟ್ಟಿಯ ಹೊಳೆಗಳಿಗೆ ಹೊಸ ನೀರಾವರಿ ಕಟ್ಟೆ ಹಾಕಬೇಕಾದರೆ ಮೈಸೂರು ತನ್ನ ಯೋಜನೆಯನ್ನು ತೋರಿಸಿ ಮದರಾಸಿನ ಒಪ್ಪಿಗೆ ಪಡೆಯಬೇಕು. ಕೆಳಗಿನವರಿಗೆ ಈಗಾಗಲೇ ಇರುವ ಹಕ್ಕನ್ನು ಕಾಯಲೋಸುಗವಲ್ಲದೆ ಮದರಾಸು ನಿರಾಕರಿಸುವಂತಿಲ್ಲ. ಕೆಳಗಿನವರ ಹಕ್ಕನ್ನು ಕಾಗದಕ್ಕೆ ತಂದದ್ದು ಸರಿಯೇ. ಅದರೊಳಗೆ ಸಾಮ್ರಾಜ್ಯದ ಭಾರವೂ ಇತ್ತು: ಮೇಲಿನ ಸಂಸ್ಥಾನ ಕೇಳಬೇಕು, ಕೆಳಗಿನ ಪ್ರಾಂತ ಅನುಗ್ರಹಿಸಬೇಕು.

1894ರ ಕೊನೆಯಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡರು. ಮಗ ಇನ್ನೂ ಬಾಲಕ. ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿ, ಶೇಷಾದ್ರಿ ಅಯ್ಯರ್ ದಿವಾನರಾಗಿ ನಾಡನ್ನು ನಡೆಸಿದ ಆ ವರ್ಷಗಳಲ್ಲಿ, 1898ರಲ್ಲಿ, ಮಾರಿಕಣಿವೆಯ ಕೆಲಸ ಮೊದಲಾಯಿತು. ಕಲ್ಲು ಗಾರೆಯಲ್ಲಿ 1,330 ಅಡಿ ಉದ್ದದ ಕಟ್ಟೆ ಎದ್ದಿತು. ಶೇಷಾದ್ರಿ ಅಯ್ಯರ್ ಅದು ಮುಗಿದುದನ್ನು ನೋಡಲು ಉಳಿಯಲಿಲ್ಲ. 1907ರಲ್ಲಿ ಕೆಲಸ ಮುಗಿದಾಗ ಅದು ವಾಣಿವಿಲಾಸ ಸಾಗರವಾಗಿತ್ತು: 2,000 ಚದರ ಮೈಲಿಗೂ ಮಿಕ್ಕಿದ ಜಲಾನಯನ, 30 ಟಿಎಂಸಿ ಅಡಿಯ ಒಡಲು.

ಸಾಗರ ಹೊಸದುರ್ಗದ ಕಡೆ ಹಿನ್ನೀರಾಗಿ ಹರಡಿತು. ನಾಲೆಗಳು ಹಿರಿಯೂರಿನ ಕಡೆ ಇಳಿದವು. ಮುಳುಗಿದ್ದು ಮೇಲಿನವರ ಹೊಲ, ಹಸಿರಾದದ್ದು ಕೆಳಗಿನವರ ತೋಟ. ಹೊಳಲ್ಕೆರೆ ಸೀಮೆಯ ಹೊರಕೆರೆದೇವಪುರದಂಥ ಊರುಗಳಿಗೆ ನಾಲೆ ಬರಲೇ ಇಲ್ಲ. ಲಕ್ಷ್ಮೀನರಸಿಂಹಸ್ವಾಮಿಯ ತೇರಿಗೆ ಕೂಡಿದ ರೈತರು ಎಂದಿನಂತೆ ಮುಗಿಲನ್ನೇ ನೋಡಬೇಕಾಯಿತು. ಹಿರಿಯೂರಿನ 25,000 ಎಕರೆಗೂ ಹೆಚ್ಚು ನೆಲ ಆ ನೀರಿನಿಂದ ಬದುಕಿತೆಂಬುದು ನಿಜ, ದುರ್ಗದ ಪೇಟೆಗೂ ಮುಂದೆ ಕುಡಿಯುವ ನೀರು ಅಲ್ಲಿಂದಲೇ ಬಂತು. ಮೇಲಿನವರ ಲೆಕ್ಕವನ್ನು ಮಾತ್ರ ಯಾರೂ ಬರೆಯಲಿಲ್ಲ.

ಹೊಳೆಯೂ ಇಂಜಿನಿಯರರ ಲೆಕ್ಕಕ್ಕೆ ಸುಲಭವಾಗಿ ಬಗ್ಗಲಿಲ್ಲ. 1933ರಲ್ಲಿ ಸಾಗರ 130 ಅಡಿ ತುಂಬಿ ಕೋಡಿ ಹರಿಯಿತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ. ಮೂರು ತಲೆಮಾರು ಆ ಕೋಡಿಯ ಮಾತನ್ನು ಅಜ್ಜಂದಿರ ಬಾಯಲ್ಲಿ ಕೇಳಿತಷ್ಟೆ.

ಆ ನಡುವೆ ಮದರಾಸು, ಮೈಸೂರುಗಳ ಗಡಿ ಅಳಿಸಿ ರಾಜ್ಯಗಳು ಹುಟ್ಟಿದವು. 1956ರ ಅಂತರರಾಜ್ಯ ಜಲವಿವಾದ ಕಾಯ್ದೆಯ ಅಡಿ 1969ರಲ್ಲಿ ಬಚಾವತ್ ನ್ಯಾಯಮಂಡಳಿ ಕುಳಿತಿತು. ಒಂದು ರಾಜ್ಯ ಕೇಳಿ ಇನ್ನೊಂದು ಅನುಗ್ರಹಿಸುವ ಕ್ರಮ ಹೋಗಿ, ಇಡೀ ಕೃಷ್ಣಾ ಕೊಳ್ಳವನ್ನು ಒಂದಾಗಿ ಅಳೆಯುವ ಕ್ರಮ ಬಂತು. 1976ರಲ್ಲಿ ಜಾರಿಯಾದ ತೀರ್ಪು ವೇದಾವತಿಯ ಉಪಕೊಳ್ಳದಲ್ಲಿ ಕರ್ನಾಟಕ ವರ್ಷಕ್ಕೆ 42 ಟಿಎಂಸಿ ಅಡಿ ಮೀರಬಾರದೆಂದಿತು. ರಾಜ್ಯ ರಾಜ್ಯಗಳ ನಡುವೆ ಇಷ್ಟು ಖಚಿತವಾಗಿ ಗೆರೆ ಎಳೆದವರು, ಆ 42ರೊಳಗೆ ಹೊಸದುರ್ಗಕ್ಕೆಷ್ಟು, ಹೊಳಲ್ಕೆರೆಗೆಷ್ಟು ಎಂಬುದನ್ನು ರಾಜ್ಯಕ್ಕೆ ಬಿಟ್ಟರು. ದಾಮಾಶಾ ಕಂಡುಕೊಂಡಿದ್ದ ಉತ್ತರ ಅಲ್ಲಿಯೇ ಬೇಕಾಗಿತ್ತು.

ಈಗ ಭದ್ರಾ ಮೇಲ್ದಂಡೆ ಯೋಜನೆ ತುಂಗೆಯಿಂದ 17.4 ಟಿಎಂಸಿ ಅಡಿಯನ್ನು ಭದ್ರೆಗೆ ಎತ್ತಿ, ಒಟ್ಟು 29.9 ಟಿಎಂಸಿ ಅಡಿಯನ್ನು ಅಜ್ಜಂಪುರದ ಸುರಂಗದಿಂದಾಚೆ ಬರದ ಸೀಮೆಗೆ ಹರಿಸಲು ಹೊರಟಿದೆ. 2019ರಿಂದ ಭದ್ರೆಯ ನೀರು ವಾಣಿವಿಲಾಸ ಸಾಗರಕ್ಕೂ ಬಂದಿದೆ. 2023ರ ಕೇಂದ್ರ ಬಜೆಟ್ಟು 5,300 ಕೋಟಿ ರೂಪಾಯಿ ನೆರವು ಸಾರಿತು. ಹೊಳಲ್ಕೆರೆ, ಹೊಸದುರ್ಗಗಳೂ ಸೇರಿದ ತಾಲ್ಲೂಕುಗಳಲ್ಲಿ 367 ಕೆರೆಗಳನ್ನು ಅರ್ಧದ ಮಟ್ಟಿಗೆ ತುಂಬಿಸುವುದು ಈ ಯೋಜನೆಯ ಒಂದು ಭಾಗ. ಅರ್ಧ ತುಂಬಿದ ಕೆರೆಯ ಅಚ್ಚುಕಟ್ಟಿನಲ್ಲಿ ಪಾಲು ಹೇಗೆ, ತೂಬು ಯಾರ ಕೈಯಲ್ಲಿ, ಜಮೀನಿಲ್ಲದವನ ಕೊಡಕ್ಕೆ ಎಷ್ಟು: ನೀರು ಕೆರೆಗಿಳಿಯುವ ಮುನ್ನ ಇವನ್ನು ಗ್ರಾಮಸಭೆಯಲ್ಲಿ ಕೂತು ಬರೆದುಕೊಳ್ಳಬೇಕು, ಆ ಕೂಟದಲ್ಲಿ ನೀರುಗಂಟಿಯ ಕೇರಿಯವರಿಗೂ ಸಮನಾದ ಮಾತಿರಬೇಕು.